ತೋಟಾದ ಬೆನ್ನಿಗಿಟ್ಟ ಭಂಡಾರ

ನರೋಣಾ,
9 ಡಿಸೆಂಬರ್ 2024, ಸೋಮವಾರ

ಪ್ರೀತಿಯ ಭಾಗ್ಯವಂತಿಯ ಅಪ್ಪನಿಗೆ,

ನಿಮ್ಮ ಶಿವಗಂಗಾಳ ನಮಸ್ಕಾರ. ಮುಂದೆ ಓದುವ ಮೊದಲು ಒಂದು ಮಾತು. ಬಂದೂಕು ಎಲ್ಲಿದೆಯೋ ಅಲ್ಲೇ ಇರಲಿ. ನೀವೂ ಮುಟ್ಟಬೇಡಿ, ಬೇರೆಯವರಿಗೂ ಮುಟ್ಟಗೊಡಬೇಡಿ. ಯಾಕೆ ಎಂದು ಕೆಳಗೆ ಬರೆದಿದ್ದೇನೆ. ಆರೋಗ್ಯ ಕೇಳದೆ ಅಪ್ಪಣೆ ಮಾಡುವ ಹೆಂಡತಿ ಎಂದು ಬೈಯಬೇಡಿ, ಈಗ ಕೇಳುತ್ತೇನೆ. ಮೊಣಕಾಲು ನೋವು ಹೇಗಿದೆ? ಹೊಳೆ ದಂಡೆಯ ಥಂಡಿಗೆ ಕೆಮ್ಮು ಹತ್ತಿಲ್ಲ ತಾನೇ? ಕರಿ ಕುರಿ ಈದಿತೇ? ರೊಟ್ಟಿಗೆಂದು ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗಿದಿರಬೇಕು, ಈ ಕಾಗದದ ಜೊತೆ ಇನ್ನೊಂದು ಡಬ್ಬಿ ಕಳಿಸಿದ್ದೇನೆ. ನಾವೆಲ್ಲ ಆರಾಮ. ಭಾಗ್ಯವಂತಿ ಶಾಲೆಗೆ ಹೋಗಿದ್ದಾಳೆ. ಅತ್ತೆ ಬೆಳಿಗ್ಗೆಯಿಂದ ದೇವರ ಮುಂದೆ ಕುಳಿತವರು ಎದ್ದಿಲ್ಲ. ಮಾವ ಕಟ್ಟೆಯ ಮೇಲೆ ಕುಳಿತು, ಇರುವ ಒಂದು ಕಣ್ಣನ್ನು ದಾರಿಯ ಮೇಲಿಟ್ಟಿದ್ದಾರೆ.

ನಾಲ್ಕು ದಿನದಿಂದ ನಿಮ್ಮ ಫೋನು ಬಂದ್. ಗೊಬ್ಬೂರಿನಲ್ಲಿದ್ದಾಗ ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ಮಾತಾಡಿದ್ದಿರಿ. ಜೇವರ್ಗಿ ಕಡೆ ದಾಟುತ್ತೇವೆ, ಯಾರ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೋ ಇನ್ನೂ ಠರಾವ್ ಆಗಿಲ್ಲ ಎಂದಿದ್ದಿರಿ. ಆಮೇಲೆ ಸುದ್ದಿಯಿಲ್ಲ. ನಿನ್ನೆಯಿಂದ ಎಷ್ಟು ಸಲ ಹಚ್ಚಿದೆನೋ ಲೆಕ್ಕವಿಲ್ಲ. ಫೋನಿನೊಳಗಿನ ಆ ಹೆಂಗಸು ಹೇಳಿದ್ದನ್ನೇ ಹೇಳುತ್ತಾಳೆ, ಅವಳ ಮೇಲೂ ಸಿಟ್ಟು ಬಂದಿದೆ. ಕಬ್ಬಿನ ಲಾರಿಯ ಮಲ್ಲಣ್ಣ ಇವತ್ತು ಆ ಕಡೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಭೀಮಾ ದಂಡೆಯಲ್ಲಿ ಯಾವ ಕುರಿ ಹಿಂಡು ಕಂಡರೂ ಇಳಿದು ಕೇಳು ಎಂದು ಅವನಿಗೆ ಆಣೆ ಹಾಕಿದ್ದೇನೆ.

ಈಗ ತೋಟಾದ ವಿಷಯ. ಬಂದೂಕಿಗೆಂದು ನೀವು ಮನೆಯಲ್ಲೇ ಮದ್ದು ತುಂಬುವ ಹಿತ್ತಾಳೆ ತೋಟಾಗಳು ನನಗೆ ಮೊದಲಿನಿಂದಲೂ ಬೇಡವಾದವು. ಲೈಸೆನ್ಸ್ ಇರುವುದು ಬಂದೂಕಿಗೆ, ಮನೆಯಲ್ಲಿ ತೋಟಾ ತುಂಬುವುದಕ್ಕಲ್ಲ. ಅಂಗಡಿಯಿಂದ ತನ್ನಿ ಎಂದರೆ ಮಾವನೂ ನೀವೂ ಒಂದೇ ಮಾತು: "ನಮ್ಮ ಮುತ್ಯಾನ ಕಾಲದಾಗಿಂದ ಹಿಂಗ ಮಾಡ್ಕೋತ ಬಂದೀವಿ." ಒಮ್ಮೆ ಹಾರಿಸಿದ ತೋಟಾದ ಖಾಲಿ ಕೊಳವೆ ಉಬ್ಬಿರುತ್ತದೆ, ಮತ್ತೆ ಬಂದೂಕಿಗೆ ಹೋಗುವುದಿಲ್ಲ. ಎಣ್ಣೆ ಸವರಿ, ಕಬ್ಬಿಣದ ಬಳೆಯೊಳಗೆ ಬಡಿದು ಇಳಿಸಿದರೆ ಮೊದಲಿನ ಅಳತೆಗೆ ಬರುತ್ತದೆ. ಎಣ್ಣೆ ಸರಿ ಇಲ್ಲದಿದ್ದರೆ ಬಳೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮಾವ ಹಸಿ ಉಣ್ಣೆ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತಗಡಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಗಟ್ಟಿ ಜಿಡ್ಡು, ಸವರಿದಲ್ಲೇ ನಿಲ್ಲುವಂಥದ್ದು. ಆದರೆ ಅದರ ವಾಸನೆ ನನಗೆ ಆಗುತ್ತಿರಲಿಲ್ಲ. ಈ ಸಲ ನಾನು ಮೂಗು ಮುರಿದದ್ದಕ್ಕೆ ನೀವು ನಕ್ಕು, "ಹಂಗಾರ ನೀನ ಒಂದು ಚಲೋ ಎಣ್ಣಿ ಆರಿಸಿ ಕೊಡು, ಶ್ಯಾಣ್ಯಾಕಿ" ಎಂದಿರಿ. ಆ ಒಂದು ಮಾತಿಗೆ ನಾನು ಸೆರಗು ಕಟ್ಟಿ ನಿಂತೆ.

ನಿಮಗೆ ನೆನಪಿದೆಯಲ್ಲ. ಮೊದಲು ಕೊಬ್ಬರಿ ಎಣ್ಣೆ ತಂದೆ, ಬೆಳಗಿನ ಥಂಡಿಗೆ ಹೆಪ್ಪುಗಟ್ಟಿ ಕೊಳವೆ ಅರ್ಧಕ್ಕೇ ನಿಂತಿತು. ಆಮೇಲೆ ಕುಸುಬಿ ಎಣ್ಣೆ. ಹಚ್ಚಿದ ದಿನ ಬೆಣ್ಣೆ, ಮಾರನೆಯ ದಿನ ಆರಿ ಅಂಟು. ಒಂದು ಕೊಳವೆಯನ್ನು ಬಳೆಯಿಂದ ಬಿಡಿಸಲು ಹೋಗಿ ನೀವು ಸುತ್ತಿಗೆಯಿಂದ ಅದರ ಬಾಯನ್ನೇ ಸೊಟ್ಟ ಮಾಡಿದಿರಿ. ಟ್ರ್ಯಾಕ್ಟರಿನ ಗ್ರೀಸಿನಲ್ಲಿ ಮರಳಿತ್ತು, ಕೊಳವೆಯ ತುಂಬ ಬೆಕ್ಕು ಪರಚಿದ ಹಾಗೆ ಗೀರು ಬಿದ್ದವು. ಕೊನೆಗೆ ನಜಮುನ್ನಿಸಾ ಹತ್ತಿರ ಹೋಗಿ ಅವಳ ಹೊಲಿಗೆ ಮಶಿನ್ನಿನ ಎಣ್ಣೆ ತಂದೆ. ನೀರಿನಂತೆ ತೆಳ್ಳಗೆ, ವಾಸನೆಯಿಲ್ಲ, ಉಳಿದ ಹನ್ನೆರಡು ಕೊಳವೆಯೂ ಸಲೀಸಾಗಿ ಇಳಿದವು. "ನಿನ್ನ ತಲಿ ಭಾರಿ ಅದ ಬಿಡು" ಎಂದಿರಿ. ಮದುವೆಯಾಗಿ ಹದಿನಾರು ವರ್ಷದಲ್ಲಿ ನನ್ನ ತಲೆಗೆ ಸಿಕ್ಕ ಮೊದಲ ಸರ್ಟಿಫಿಕೇಟು. ಆ ಖುಷಿಯಲ್ಲಿ ಡಬ್ಬಿಯ ತಳದಲ್ಲಿದ್ದ ಉಣ್ಣೆ ಜಿಡ್ಡನ್ನು ಕೆರೆದು ಒಡೆದ ಹಿಮ್ಮಡಿಗೆ ಹಚ್ಚಿಕೊಂಡು, ಅದೇ ಡಬ್ಬಿಗೆ ಮಶಿನ್ ಎಣ್ಣೆ ಸುರಿದಿಟ್ಟೆ. ಕೊಳವೆಗಳನ್ನು ಮಾತ್ರ ಬೂದಿ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಎರಡು ದಿನ ಬಿಸಿಲಿಗೆ ಹಾಕಿಯೇ ನಿಮ್ಮ ಕೈಗೆ ಕೊಟ್ಟಿದ್ದೆ. ಒಳಗೆ ಒಂದು ಹನಿ ಉಳಿದರೂ ಮದ್ದು ಕೆಡುತ್ತದೆ ಎಂದು ನೀವೇ ಹೇಳಿದ್ದಿರಿ. ಅಲ್ಲಿಯವರೆಗೆ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ.

ತಪ್ಪಾದದ್ದು ನೀವು ಹೊರಟ ದಿನ. ಹಿಂಡು ಹೊರಡುವಾಗ ಅದರ ಜೊತೆ ಹೋಗುವ ಎಲ್ಲದಕ್ಕೂ ಅತ್ತೆ ಜಿಡ್ಡಿನಲ್ಲಿ ಹೆಬ್ಬೆರಳು ಅದ್ದಿ, ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ, ಬೊಟ್ಟಿಡುತ್ತಾರಲ್ಲ. ಟಗರಿನ ಹಣೆಗೆ, ಬಡಿಗೆಗೆ, ಗಂಟೆಗೆ, ಹಾಲಿನ ಗಿಂಡಿಗೆ, ಬಂದೂಕಿಗೆ, ಕೊನೆಗೆ ತುಂಬಿಟ್ಟ ತೋಟಾಗಳ ಬೆನ್ನಿಗೆ. ಬಂದೂಕಿನ ಕುದುರೆ ಬಡಿಯುವ ಜಾಗ, ನೀವು ಟೋಪಿ ಎನ್ನುತ್ತೀರಲ್ಲ, ಅಲ್ಲಿಗೇ. ಇಷ್ಟು ವರ್ಷ ಏನೂ ಆಗಲಿಲ್ಲ. ಗಟ್ಟಿ ಜಿಡ್ಡು ಮೇಲೇ ಕೂತಿರುತ್ತಿತ್ತು, ಬೇಕಾದಾಗ ನೀವು ಒರೆಸಿಕೊಳ್ಳುತ್ತಿದ್ದಿರಿ. ಈ ಸಲ ಅದೇ ಡಬ್ಬಿಯಲ್ಲಿ ಮಶಿನ್ ಎಣ್ಣೆ. ಅತ್ತೆಗೆ ಕಣ್ಣು ಮಂಜು, ಡಬ್ಬಿ ನೋಡಿದರೇ ಹೊರತು ಒಳಗಿನದನ್ನು ನೋಡಲಿಲ್ಲ. ಅವರು ಆ ಡಬ್ಬಿ ತೆಗೆಯುತ್ತಾರೆಂದು ನನಗೂ ಗೊತ್ತಾಗಲಿಲ್ಲ.

ನಿನ್ನೆ ಜೋಳದ ಚೀಲ ಸರಿಸಿ ಕಸ ಹೊಡೆಯುವಾಗ ಒಂದು ತೋಟಾ ಸಿಕ್ಕಿತು. ನೀವು ಚೀಲ ಕಟ್ಟುವಾಗ ಉರುಳಿ ಹೋದದ್ದಿರಬೇಕು. ಹನ್ನೊಂದು ನಿಮ್ಮ ಹತ್ತಿರ, ಒಂದು ಇಲ್ಲಿ. ಅದರ ಬೆನ್ನಿನ ಮೇಲೆ ಬೊಟ್ಟಿರಲಿಲ್ಲ. ಟೋಪಿಯ ಸುತ್ತ ಹಳದಿ ಗೆರೆ ಮಾತ್ರ ಇತ್ತು, ಎಣ್ಣೆ ಒಳಗೇ ಇಳಿದಿರಬೇಕು ಎನಿಸಿತು. ಮಾವನಿಗೆ ತೋರಿಸಿದೆ. ಅವರು ನಮ್ಮನ್ನೆಲ್ಲ ಒಳಗೆ ಕಳಿಸಿ, ಅಂಗಳದ ಮೂಲೆಗೆ ಹೋಗಿ ಅದನ್ನು ಬಿಚ್ಚಿದರು. ಆಮೇಲೆ ನನ್ನನ್ನು ಕರೆದು ಅಂಗೈ ಚಾಚಿದರು. ತಳದ ಮದ್ದು ಒದ್ದೆ ಹಿಟ್ಟಿನ ಹಾಗೆ ಮುದ್ದೆಯಾಗಿತ್ತು. "ಗಂಗಾ, ಹಾರಿದ್ರೂ ಚಿಂತಿಲ್ಲ, ಹಾರದಿದ್ರೂ ಚಿಂತಿಲ್ಲವ್ವ. ಹಾರೂದಿಲ್ಲ ಅಂತ ತಿಳದ ಮ್ಯಾಲ ಹಾರ್ತದಲ್ಲ, ಅದ ಮನಿ ಮುರೀತದ" ಎಂದರು.

ಅವರ ಕಣ್ಣು ಹೋದದ್ದು ಹಾಗೆಯೇ. ಇಷ್ಟು ವರ್ಷ ಮುಳ್ಳು ಚುಚ್ಚಿತು ಎನ್ನುತ್ತಿದ್ದರು, ನಿನ್ನೆ ನಿಜ ಹೇಳಿದರು. ನೀವು ಹುಟ್ಟುವ ಮೊದಲು, ಹಿರೋಳ್ಳಿ ಹತ್ತಿರ, ಮಳೆಯಲ್ಲಿ ನೆನೆದ ತೋಟಾ. ತೋಳ ಬೆದರಿಸಲು ಆಕಾಶಕ್ಕೆ ಹಿಡಿದು ಕುದುರೆ ಎಳೆದರು, ಟಕ್ ಎಂದಿತು ಅಷ್ಟೇ. ಕೆಟ್ಟಿದೆ ಎಂದು ಆಗಲೇ ಬಂದೂಕು ತೆರೆದು ಬಗ್ಗಿ ನೋಡಿದರು, ಆಗ ಹಾರಿತು. ನೀವು ಅವರ ಮಗ. ಒಲೆಯ ಮೇಲಿನ ಅನ್ನ ಬೆಂದಿದೆಯೋ ಇಲ್ಲವೋ ಎಂದು ಮೂರು ಸಲ ಮುಚ್ಚಳ ತೆಗೆಯುವವರು. ಟಕ್ ಎಂದ ಮೇಲೆ ನೀವು ಸುಮ್ಮನೆ ನಿಲ್ಲುತ್ತೀರೆಂದು ನನಗೆ ಧೈರ್ಯವಿಲ್ಲ. ನೀವೂ ತೋಳಕ್ಕೆ ಗುರಿಯಿಡುವುದಿಲ್ಲ, ಆಕಾಶಕ್ಕೇ ಹಾರಿಸುತ್ತೀರಿ ಎಂಬುದು ಗೊತ್ತು. ಆಕಾಶಕ್ಕೆ ಹಾರಿಸುವವರೂ ಬಗ್ಗಿ ನೋಡುತ್ತಾರಲ್ಲ. ನನಗೆ ಹೆದರಿಕೆಯಾಗಿದೆ. ತಟ್ಟೆ ಬಿದ್ದ ಸದ್ದಾದರೂ ಜೀವ ಹಾರುತ್ತಿದೆ.

ಮಾವ ಹೇಳಿ ಬರೆಸಿದ್ದು ಇದು, ಎರಡು ಸಲ ಓದಿ. ಆ ತೋಟಾಗಳಲ್ಲಿ ಒಂದನ್ನೂ ಹಾರಿಸಬೇಡಿ. ಬಂದೂಕಿನಲ್ಲಿರುವುದು ಆಗಲೇ ಟಕ್ ಎಂದಿದ್ದರೆ, ಬಾಯನ್ನು ಮನುಷ್ಯರೂ ಕುರಿಯೂ ಇಲ್ಲದ ಕಡೆ ಹಿಡಿದು, ತೆರೆಯದೆ, "ಬೀಡಿ ಒಂದು ಪೂರಾ ಸೇದಿ ಮುಗಿಸುವಷ್ಟು ಹೊತ್ತು" ಕಾಯಬೇಕಂತೆ. ನೀವು ಬೀಡಿ ಬಿಟ್ಟವರು, ಆದ್ದರಿಂದ ನಿಧಾನವಾಗಿ ಐನೂರರ ತನಕ ಎಣಿಸಿ. ಉಳಿದವನ್ನು ನೀರು ತುಂಬಿದ ಕೊಡದಲ್ಲಿ ಹಾಕಿಟ್ಟು ಮಾವನಿಗೆ ಹೇಳಿ ಕಳಿಸಿ, ಅವರೇ ಬಂದು ನೋಡುತ್ತಾರೆ. ಸಿಟ್ಟು ಬಂದು ಒಲೆಗೆ ಎಸೆದೀರಿ, ನಿಮ್ಮ ಸಿಟ್ಟು ನನಗೆ ಗೊತ್ತು. ತೋಳಕ್ಕೆ ನಾಯಿಗಳಿವೆ, ಪಟಾಕಿ ಒಂದು ಕಟ್ಟು ಕಳಿಸಿದ್ದೇನೆ, ನಿಮ್ಮ ಗಂಟಲಂತೂ ಇದ್ದೇ ಇದೆ. ಒಂದೆರಡು ಕುರಿ ಹೋದರೆ ಹೋಗಲಿ. ತಿರುಗಿ ಬಂದ ಮೇಲೆ ಆ ಕಬ್ಬಿಣದ ಬಳೆಯನ್ನು ಕಮ್ಮಾರನಿಗೆ ಕೊಟ್ಟು ಈಳಿಗೆ ಮಾಡಿಸುತ್ತೇನೆ, ಬೇಡವೆನ್ನಬಾರದು.

ಅತ್ತೆ ನಿನ್ನೆಯಿಂದ ಊಟ ಮುಟ್ಟಿಲ್ಲ. "ನನ್ನ ಕೈಲೆ ನನ್ನ ಮಗಗ ಏನ್ ಹಚ್ಚಿ ಕಳಿಸಿದ್ನೆವ್ವ" ಎಂದು ಅದೊಂದೇ ಮಾತು. ಅವರ ಮೇಲೆ ಸಿಟ್ಟಾಗಬೇಡಿ. ಮಾವನ ಆಶೀರ್ವಾದ, ಮಗಳ ಮುತ್ತು. ಹಿಂಡಿನ ಜೊತೆಗಿರುವವರಿಗೆಲ್ಲ ನನ್ನ ಶರಣು ಹೇಳಿ. ಬೀರಪ್ಪ ನಿಮ್ಮ ಬೆನ್ನಿಗಿರಲಿ.

ನಿಮ್ಮ ದಾರಿ ನೋಡುತ್ತಿರುವ,
ಶಿವಗಂಗಾ

ತಾ.ಕ.: ಮಲ್ಲಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅತ್ತೆ ಆ ಡಬ್ಬಿಯಲ್ಲಿ ಬೆರಳು ಅದ್ದುವುದನ್ನು ನಾನು ನೋಡಿದ್ದೆ. ಜಿಡ್ಡಲ್ಲ, ಎಣ್ಣೆ ಎಂಬ ಮಾತು ಬಾಯಿಯ ತನಕ ಬಂದಿತ್ತು. ಅವತ್ತು ಬೆಳಿಗ್ಗೆ ಅವರು ನಾಲ್ಕು ಜನರ ಮುಂದೆ ನನ್ನ ರೊಟ್ಟಿಯನ್ನು ಆಡಿಕೊಂಡಿದ್ದರು, ಆ ಸಿಟ್ಟಿಗೆ ಮಾತು ನುಂಗಿದೆ. ಇಷ್ಟಾಗುತ್ತದೆ ಎಂದು ತಿಳಿದಿರಲಿಲ್ಲ, ಇದು ಮಾತ್ರ ಸುಳ್ಳಲ್ಲ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಇವತ್ತೇ ಅತ್ತೆಗೆ ಹೇಳುತ್ತೇನೆ. ನೀವು ಎಷ್ಟು ಬೇಕಾದರೂ ಬೈಯಿರಿ, ಆದರೆ ಈ ಹಾಳೆಯ ಹಿಂದೆ ಬರೆದು ಬೈಯಿರಿ, ಮಲ್ಲಣ್ಣನ ಕೈಯಲ್ಲೇ ಕಳಿಸಿ. "ಆರಾಮ ಅದೀನಿ" ಎಂಬ ಬಾಯಿಮಾತು ಬೇಡ. ಕಣ್ಣು ಹೋದ ದಿನ ಮಾವನೂ ಮನೆಗೆ ಅದನ್ನೇ ಹೇಳಿ ಕಳಿಸಿದ್ದರಂತೆ. ನಿಮ್ಮ ಬಲಗೈ ಅಕ್ಷರ ನನಗೆ ಗೊತ್ತು, ಬೇರೆಯವರಿಂದ ಬರೆಸಬೇಡಿ.