ಚಕ್ರಕ್ಕೆ ಸುತ್ತಿದ ಕಂಬಳಿ

ಧರ್ಮಪುರ
12-11-2024, ಮಂಗಳವಾರ

ಮಗಳೇ ಮೋನಿಕಾ,

ಕಾಲಿನ ಬಾವು ಇಳಿಯಿತೇ? ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಹಿತ್ತಲಿಗೆ ಎಸೆಯುತ್ತಿದ್ದೀಯೋ? ಎಸೆದರೆ ನನಗೆ ಗೊತ್ತಾಗುತ್ತದೆ. ಏಳು ತಿಂಗಳ ಬಸುರಿ ಅಂತ ಅತ್ತೆ ಕೂರಿಸಿ ಉಣ್ಣಿಸಿದರೆ ಉಣ್ಣು, ನಾಚಬೇಡ. ಇಲ್ಲಿ ನಿನ್ನ ಅವ್ವ ಗಟ್ಟಿಯಾಗಿದ್ದಾಳೆ, ನನ್ನನ್ನು ಬೈಯುವಷ್ಟು ಗಟ್ಟಿ. ಫೋನ್ ಬಿಟ್ಟು ಕಾಗದ ಯಾಕೆ ಅಂತೀಯ. ಫೋನ್ ಹಿಡಿದರೆ ಅವಳು ಪಕ್ಕದಲ್ಲೇ ಕಿವಿ ಇಟ್ಟು ಕೂರುತ್ತಾಳೆ, ನಾನು ರೇಗಿ ಕಟ್ ಮಾಡುತ್ತೇನೆ. ನಾಲ್ಕನೇ ಕ್ಲಾಸಿಗೇ ಕುರಿ ಹಿಂದೆ ಹೋದವನ ಅಕ್ಷರ ಇದು, ನಗಬೇಡ.

ಬಾಣಂತನಕ್ಕೆ ನಿನ್ನನ್ನು ಸೋಮವಾರ ಕರೆತರಬೇಕಲ್ಲ, ಅದರದ್ದೇ ಮಾತು. ಹೋದ ವಾರ ನಮ್ಮ ಬಾಡಿಗೆ ಕಾರನ್ನು ಚಿತ್ರದುರ್ಗದ ಆರ್.ಟಿ.ಓ. ಆಫೀಸಿಗೆ ಎಫ್.ಸಿ. ಮಾಡಿಸಲು, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ, ಒಯ್ದಿದ್ದೆ. ಇನ್ಸ್‌ಪೆಕ್ಟರು ಮುಂದಿನ ಚಕ್ರದ ಕೆಳಗೆ ರಾಡ್ ತೂರಿಸಿ ಎತ್ತಿದರು. ಮುದುಕರ ಹಲ್ಲಿನ ಹಾಗೆ ಅಲ್ಲಾಡಿತು. ಫೇಲ್ ಅಂತ ಬರೆದರು. ನಾನು ಜಗಳಕ್ಕೇ ನಿಂತೆ. ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಹೇಳಿಕೊಡಬೇಡಿ ಅಂದೆ. ಅವರು ಸಿಟ್ಟಾಗಲಿಲ್ಲ. “ಯಜಮಾನ್ರೇ, ಇದರಾಗೆ ಮನೆಯೋರ್ನ ಕೂರಿಸ್ಕಂಡು ಹೋಗಬ್ಯಾಡ್ರಿ” ಅಂದರು, ಅಷ್ಟೇ.

ದೀಪಾವಳಿಗೆ ಬಂದಾಗ ನೀನು ಹೇಳಿದ್ದೆ, “ಅಪ್ಪಾ, ಚಕ್ರದತ್ರ ಕಟಕಟ ಅಂತೈತೆ” ಅಂತ. “ಗಾಡಿ ಅಂದ್ಮೇಲೆ ಸದ್ದು ಮಾಡ್ದೆ ಜೋಗುಳ ಹಾಡ್ತೈತೇನೇ?” ಅಂತ ಗದರಿದೆ. ಆಮೇಲೆ ಹಳೇ ಕಂಬಳಿ ಹರಿದು, ಎಣ್ಣೆಯಲ್ಲಿ ಅದ್ದಿ, ಚಕ್ರದ ಹಿಂದಿನ ಕೀಲಿಗೆ ಸುತ್ತಿ ತಂತಿ ಬಿಗಿದೆ. ನಮ್ಮಪ್ಪ ಎತ್ತಿನಗಾಡಿಯ ಅಚ್ಚಿಗೆ ಹಾಗೇ ಮಾಡುತ್ತಿದ್ದ. ಸದ್ದು ನಿಂತಿತು. ರಿಪೇರಿ ಆಯಿತು ಅಂತ ಮೀಸೆ ತಿರುವಿದೆ. ಮಾರನೇ ದಿನ ಅದೇ ಗಾಡಿಯಲ್ಲಿ ನಿನ್ನನ್ನು ಮತ್ತೋಡಿಗೆ, ಗಂಡನ ಮನೆಗೆ ಬಿಟ್ಟುಬಂದೆ.

ಹಿರಿಯೂರಿನ ಮೆಕ್ಯಾನಿಕ್ ಹನುಮೇಶ ಚಕ್ರ ಬಿಚ್ಚಿ ಆ ಕಂಬಳಿ ಎಳೆದು ತೆಗೆದ. “ಏನ್ ಸಣ್ಣಪ್ಪಣ್ಣ, ಗಾಡಿಗೂ ಚಳಿಜ್ವರ ಬಂದಿತ್ತಾ?” ಅಂದ. ಶೆಡ್ಡಿನವರೆಲ್ಲ ನಕ್ಕರು. ಒಳಗೆ ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ನೋಡಿದ ಮೇಲೆ ಅವನೇ ನಗು ನಿಲ್ಲಿಸಿದ. ಬೆರಳಲ್ಲಿ ಎಳೆದರೆ ಗುಂಡು ಕೈಗೇ ಬಂತು. ರಸ್ತೆಯಲ್ಲಿ ಇನ್ನೊಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಚಕ್ರ ಮಡಚಿಕೊಂಡು ಗಾಡಿ ಉರುಳುತ್ತಿತ್ತಂತೆ. ಸದ್ದು ಆ ಕಬ್ಬಿಣ ಕೂಗಿ ಹೇಳುತ್ತಿದ್ದ ಮಾತು ಕಣೇ. ಅದರ ಬಾಯಿಗೆ ನಾನು ಕಂಬಳಿ ತುರುಕಿದ್ದೆ.

ಈಗ ಎರಡೂ ಕಡೆ ಬಾಲ್ ಜಾಯಿಂಟ್, ಬುಷ್, ಲೋಯರ್ ಆರ್ಮ್ ಎಲ್ಲ ಹೊಸದು. ನಿನ್ನೆ ಎಫ್.ಸಿ. ಪಾಸಾಯಿತು. ಆದರೆ ದುರ್ಗದಿಂದ ಬರುವಾಗ ಹೈವೇಯಲ್ಲೂ ಮೂವತ್ತರ ಮೇಲೆ ಓಡಿಸಲಿಲ್ಲ. ಸದ್ದಿಲ್ಲ ಅಂದರೇ ಹೆದರಿಕೆ. ಮೂರು ಕಡೆ ನಿಲ್ಲಿಸಿ, ಇಳಿದು, ಮಂಡಿಯೂರಿ ಚಕ್ರ ಅಲ್ಲಾಡಿಸಿ ನೋಡಿದೆ. “ಏನಜ್ಜ, ಚಕ್ರಕ್ಕೆ ಅಡ್ಡಬೀಳ್ತೀಯಾ?” ಅಂತ ಲಾರಿಯವನೊಬ್ಬ ಕೂಗಿದ. ನನ್ನ ಬಾಯಿಂದ ಬೈಗುಳ ಬರಲಿಲ್ಲ ಅಂದರೆ ನೀನೇ ಲೆಕ್ಕ ಹಾಕು.

ಅತ್ತೆಗೂ ಅಳಿಯ ಶಿವರಾಜನಿಗೂ ನಾನು ಕೇಳಿದೆನೆಂದು ಹೇಳು. ಭಾರ ಎತ್ತಬೇಡ. ಬೀರಪ್ಪ ದೇವರು ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಕಾಯಲಿ.

ನಿನ್ನ ಅಪ್ಪ
ಸಣ್ಣಪ್ಪ

ತಾ.ಕ.: ಅಂಚೆಯವನು ಬರುವಷ್ಟರಲ್ಲಿ ಬರೆದುಬಿಡುತ್ತೇನೆ. ದೀಪಾವಳಿ ಮುಗಿಸಿ ನಿನ್ನನ್ನು ಬಿಡಲು ಬಂದ ದಿನ ಹೊಸದುರ್ಗ ರಸ್ತೆಯ ತಿರುವಿನಲ್ಲಿ ಗಾಡಿ ಚರಂಡಿ ಕಡೆ ಎಳೆಯಿತಲ್ಲ, ನೀನು ಬೆಚ್ಚಿ ಎದ್ದೆ. ನಾಯಿ ಅಡ್ಡ ಬಂತು ಅಂತ ನಾನು ಅಂದೆ. ನಾಯಿ ಇರಲಿಲ್ಲ ಮಗಳೇ. ಚಕ್ರ ಕೆಟ್ಟಿದೆ ಅಂತ ಆಗಲೇ ಗೊತ್ತಾಯಿತು. ನಿನ್ನೆದುರು ಸೋಲಬಾರದು ಅಂತ ನಿಲ್ಲಿಸಲಿಲ್ಲ. ಸೋಮವಾರ ಗಾಡಿ ಓಡಿಸುವವನು ಹನುಮೇಶ. ನಾನು ಹಿಂದಿನ ಸೀಟಿನಲ್ಲಿ ನಿನ್ನ ಪಕ್ಕ ಕೂರುತ್ತೇನೆ. ಊರವರು ಕೇಳಿದರೆ ಅಪ್ಪನಿಗೆ ಸೊಂಟನೋವು ಅನ್ನು. ಶಿವರಾಜನಿಗೆ ಮಾತ್ರ ನಿಜ ಹೇಳು.