ಛಾವಣಿ ತೆಗೆಸಿದ ಮೇಲೆ ನಿಂತುಹೋದ ಸಹಾಯಧನ

ಪುರಸಭೆಯ ವಸತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಪಾಳುಬಿದ್ದ ಮನೆಗಳ ದುರಸ್ತಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿದ್ದೀರಿ. ನಿಲ್ಲಿಸಿ, ಬೇಡವೆನ್ನಲು ನಾನ್ಯಾರು? ಆದರೆ ನಮ್ಮ ಮನೆಯ ಛಾವಣಿ ತೆಗೆಸುವ ಮೊದಲೇ ನಿಲ್ಲಿಸಬಹುದಿತ್ತಲ್ಲ? ಸಿಟ್ಟು ಬಂದರೆ ನನಗೆ ಕನ್ನಡ ಬಿಟ್ಟು ಬೇರೆ ಭಾಷೆ ಹೊರಡುವುದಿಲ್ಲ. ಜಪಾನಿ ಭಾಷೆಗೆ ಮಗಳು ನಿಶಾ ತಿರುಗಿಸಿಕೊಡುತ್ತಾಳೆ. ಅವಳು ಮೆತ್ತಗೆ ಮಾಡಿದ ಕಡೆಯೆಲ್ಲ ಮೂಲದಲ್ಲಿ ಖಾರವಿದೆಯೆಂದು ತಿಳಿಯತಕ್ಕದ್ದು.

ನನ್ನ ಗಂಡ ಜಯಪ್ರಕಾಶ ಹಿರೋಷಿಮಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಬಾಡಿಗೆ ಮನೆ ಕೇಳಿದಲ್ಲೆಲ್ಲ “ಸುಮಿಮಾಸೆನ್, ಕ್ಷಮಿಸಿ, ವಿದೇಶಿಯರಿಗಿಲ್ಲ” ಎಂದು ನಡು ಬಗ್ಗಿಸಿ ಕಳಿಸಿದರು. ಆಗ ಕಣ್ಣಿಗೆ ಬಿದ್ದದ್ದು ನಿಮ್ಮದೇ ಜಾಹೀರಾತು: ಅಕಿಯಾ, ಅಂದರೆ ವಾರಸುದಾರರು ಕೈಬಿಟ್ಟ ಮನೆ, ಕೊಂಡು ವಾಸಿಸಿ, ಊರು ಉಳಿಸಿ, ದುರಸ್ತಿಗೆ ನಾವಿದ್ದೇವೆ! ನಂಬಿದೆವು. ಗುಡ್ಡದ ಮೇಲಿನ ಹಳೆಯ ಮನೆ ಕೊಂಡೆವು. ನಿಮ್ಮ ಇಂಜಿನಿಯರೇ ಬಂದು ತೊಲೆಗಳನ್ನು ತಟ್ಟಿ ನೋಡಿ, “ಕೊಳೆತ ಛಾವಣಿ ಮೊದಲು ತೆಗೆಸಿ, ಹೊಸದಕ್ಕೆ ಸಹಾಯಧನ ಬರುತ್ತದೆ” ಎಂದರು. ತೆಗೆಸಿದೆವು. ಏಪ್ರಿಲ್ ಬಂತು, ಹೊಸ ಬಜೆಟ್ ಬಂತು, ಯೋಜನೆ ಹೋಯಿತು.

ಕಚೇರಿಗೆ ಓಡಿದೆವು. ಕೌಂಟರಿನಲ್ಲಿದ್ದಾತ ತಾಳ್ಮೆಯಿಂದ ಎಲ್ಲ ಕೇಳಿ, “ಕೆಂತೋ ಶಿಮಾಸು” ಎಂದ. “ಪರಿಶೀಲಿಸ್ತಾರಂತೆ ಕಣೇ! ಕೆಲಸ ಆಯ್ತು ಅನ್ಕೋ,” ಎಂದು ನನ್ನ ಗಂಡ ಮೆಟ್ಟಿಲಿಳಿಯುತ್ತಲೇ ಕುಣಿದರು. ನಾನು ಮೈಸೂರುಪಾಕ್ ಮಾಡಿ, ಪಕ್ಕದ ಮನೆಯ ಅಜ್ಜಿ ಒಕಾಮೊತೊ ಸಾನ್‌ಗೆ ಕೊಟ್ಟು ಸುದ್ದಿ ಹೇಳಿದೆ. ಅಜ್ಜಿ ಡಬ್ಬಿ ಕೆಳಗಿಟ್ಟು ನಿಶಾಳ ಮುಖ ನೋಡಿದರು. “ಅಮ್ಮಾ, ದಟ್ ಮೀನ್ಸ್ ನೋ. ಇಲ್ಲಿ ಎಲ್ಲರಿಗೂ ಗೊತ್ತು,” ಎಂದಳು ಮಗಳು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ‘ನೋಡೋಣ’ ಎಂದರೆ ‘ಆಗಲ್ಲ’ ಎಂದು ಬೆಂಗಳೂರಿನಲ್ಲಿ ಹಾಲುಗಲ್ಲದ ವಯಸ್ಸಿನಲ್ಲೇ ಕಲಿತವರು, ಅದೇ ಮಾತನ್ನು ಜಪಾನಿಯಲ್ಲಿ ಕೇಳಿ ಸಿಹಿ ಹಂಚಿದೆವು. ಆದರೆ ಸ್ವಾಮಿ, ಆಗಲ್ಲ ಎನ್ನಲು ನಿಮ್ಮವರಿಗೆ ಬಾಯಿ ಬಿದ್ದುಹೋಗಿತ್ತೇ? ಅಂದೇ ಹೇಳಿದ್ದರೆ ಬ್ಯಾಂಕಿಗಾದರೂ ಅಲೆಯುತ್ತಿದ್ದೆವು. ನಂಬಿಕೊಂಡು ಕೂತೆವು, ಮಳೆಗಾಲವೇ ಬಂದುಬಿಟ್ಟಿತು.

ಈಗ ಅಡುಗೆಮನೆಯ ಮೇಲಷ್ಟೇ ಹೆಂಚಿದೆ. ಮಿಕ್ಕದ್ದಕ್ಕೆ ನೀಲಿ ಟಾರ್ಪಾಲು. ಮೂವರೂ ಒಲೆಯ ಪಕ್ಕದಲ್ಲೇ ಮಲಗುತ್ತೇವೆ. ಇಷ್ಟು ಸಾಲದೆಂದು ನಿನ್ನೆ ನಿಮ್ಮದೇ ಇನ್ನೊಂದು ವಿಭಾಗದ ಅಧಿಕಾರಿ ಹೆಲ್ಮೆಟ್ ಹಾಕಿಕೊಂಡು ಬಂದು ಮನೆಯ ಫೋಟೋ ತೆಗೆದರು. ಛಾವಣಿಯಿಲ್ಲದ್ದರಿಂದ ಇದು ಅಪಾಯಕಾರಿ ಪಾಳುಮನೆಯಂತೆ, ಕೆಡವಬೇಕಂತೆ! ಸೌಟು ಹಿಡಿದುಕೊಂಡೇ ಹೊರಗೆ ಬಂದು, “ನಾವಿದ್ದೀವಲ್ರೀ ಇಲ್ಲಿ!” ಎಂದೆ. ನಿಶಾ ಅದನ್ನು ಜಪಾನಿಯಲ್ಲಿ ಹೇಳಿದಳು. ಅವರು ತಲೆ ಬಗ್ಗಿಸಿ, “ಹೌದು, ಕಾಣಿಸುತ್ತಿದ್ದೀರಿ. ಆದರೆ ದುರಸ್ತಿ ಮುಗಿಯುವವರೆಗೆ ದಾಖಲೆಯಲ್ಲಿ ಮನೆ ಖಾಲಿ,” ಎಂದರು. ಛಾವಣಿ ತೆಗೆಸಿದವರೂ ನೀವೇ, ಛಾವಣಿಯಿಲ್ಲವೆಂದು ಗೋಡೆ ಕೆಡವಲು ಬರುವವರೂ ನೀವೇ. ನಾಚಿಕೆಯಾಗುವುದಿಲ್ಲವೇ?

ಹೊಸಬರಿಗೆ ಕೊಡುವುದು ಬಿಡುವುದು ನಿಮ್ಮಿಷ್ಟ. ನಿಮ್ಮ ಮಾತು ನಂಬಿ ಕೆಲಸ ಶುರುಮಾಡಿದವರಿಗೆ ಸಹಾಯಧನ ಕೊಡಲೇಬೇಕು. ಕೆಡವುವ ಮಾತನ್ನು ಕೈಬಿಡಬೇಕು. ಇಲ್ಲವೆನ್ನುವುದಾದರೆ ಯಂತ್ರ ತರಿಸಿ. ಆ ದಿನ ನಾವು ಮೂವರೂ ಒಳಗೇ ಇರುತ್ತೇವೆ. ಮನೆ ಖಾಲಿಯಿದೆಯೆಂದು ಬರೆದವರೇ ಬಾಗಿಲಿಗೆ ಬಂದು, ನಮ್ಮನ್ನು ಹೆಸರು ಹಿಡಿದು ಹೊರಗೆ ಕರೆಯಲಿ.

ಇಂತಿ,
ದಾಖಲೆಯಲ್ಲಿಲ್ಲದಿದ್ದರೂ ನೆನೆಯುತ್ತಿರುವ
ಚಂದ್ರಪ್ರಭಾ