ಕಾರ್ಬುರೇಟರ್ ಕೆಡಿಸಿದವರು ಯಾರು

ಮಾಸಿ,
ಏಪ್ರಿಲ್ 16, 1983

ಇಸ್ಸಾತ್‌ಗೆ,

ನಿನ್ನ ಹೆಸರಿನ ಹಿಂದೆ ಗೀಚಿ ಹೊಡೆದುಹಾಕಿರುವುದು ‘ಪ್ರೀತಿಯ’ ಅನ್ನುವ ಮಾತು. ಅಭ್ಯಾಸ ಬಲದಿಂದ ಬರೆದುಬಿಟ್ಟಿದ್ದೆ. ಆರು ತಿಂಗಳ ಮೇಲೆ ನಿನ್ನಿಂದ ಬಂದ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ‘ಕಾರ್ಬುರೇಟರ್ ಕೆಡಿಸಿದವಳು ನೀನು, ನೀನೇ ಸರಿ ಮಾಡು. ರಾತ್ರಿ ಹಿಮ ಗಟ್ಟಿಯಾಗತೊಡಗಿದ ಕೂಡಲೇ ಹಿಂಡು ಹೊರಡುತ್ತದೆ. ಹಿಮದ ಮೇಲೆ ಓಡುವ ಆ ಗಾಡಿ ಓಡದಿದ್ದರೆ ನೀನು ಬರುವುದು ಬೇಡ.’ ನಿನ್ನ ತಮ್ಮ ನಿಲ್ಲಾಸ್ ಸೋಮವಾರ ಅದನ್ನು ತಂದುಕೊಟ್ಟು, ನಾನು ಓದಿ ಮುಗಿಸುವವರೆಗೂ ಒಲೆಯ ಕಡೆ ಮುಖ ಮಾಡಿ ನಿಂತಿದ್ದ. ಅಣ್ಣನ ಪರವಾಗಿ ಅವನೇ ನಾಚಿಕೊಂಡಿದ್ದ, ಪಾಪ.

ಇಪ್ಪತ್ತೆರಡು ವರ್ಷ ಈ ಹಿಮಸಾರಂಗಗಳ ಹಿಂದೆ ಕಡಲ ತೀರದವರೆಗೆ ನಡೆದವಳು ನಾನು. ಮೊದಲು ಸ್ಕೀ ಮೇಲೆ, ಆಮೇಲೆ ನಿನ್ನ ಗಾಡಿಯ ಹಿಂದಿನ ಸೀಟಿನಲ್ಲಿ, ಕಳೆದ ಎಂಟು ವರ್ಷ ಅದನ್ನು ನಾನೇ ಓಡಿಸಿಕೊಂಡು. ಈ ಸಲ ನಾನಿಲ್ಲದೆ ಹಿಂಡು ಹೊರಟರೆ, ಇಸ್ಸಾತ್ ಹೆಂಡತಿಯನ್ನು ಬಿಟ್ಟ ಅಂತಲೇ ಅರ್ಥ. ಬೇರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೀನು ಅದನ್ನು ತಿಳಿದೇ ಬರೆದಿದ್ದೀಯ. ಕ್ರಿಸ್ಮಸ್‌ಗೆ ಬರಲಿಲ್ಲ. ಈಸ್ಟರ್‌ನಲ್ಲಿ ಎರಡು ಮದುವೆ ಇದ್ದವು, ಎರಡರಲ್ಲೂ ನಾನು ವಿಧವೆಯರ ಸಾಲಿನಲ್ಲಿ ಕೂತು ಮಾಂಸದ ಸಾರು ಕುಡಿದು ಬಂದೆ.

ಅಕ್ಟೋಬರ್‌ನ ಆ ದಿನವನ್ನು ನಾನು ಮರೆತಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಡಿ ನಿಂತು ನೀನು ಸ್ಟಾರ್ಟ್ ಮಾಡುವ ಹಗ್ಗ ಎಳೆದೂ ಎಳೆದೂ ಬೆವರುತ್ತಿದ್ದೆ. ನಿನ್ನ ಅಣ್ಣತಮ್ಮಂದಿರು, ಅವರ ಹೆಂಡಿರು ಎಲ್ಲ ಸುತ್ತ ನಿಂತಿದ್ದರು. “ಇವ್ಳು ಕೈ ಹಾಕಿದ್ಳಲ್ಲ, ಇನ್ನೇನಾಗುತ್ತೆ! ಕುಲಗೆಡಿಸಿ ಇಟ್ಟಿದಾಳೆ” ಅಂದೆ. ಸೀಟಿನ ಹರಿದ ಚರ್ಮ ಹೊಲಿದದ್ದು ಬಿಟ್ಟರೆ ನಾನು ಆ ಗಾಡಿಯ ಯಾವುದನ್ನೂ ಬಿಚ್ಚಿರಲಿಲ್ಲ. ನಾನೇನು ಸುಮ್ಮನಿರುವವಳೇ? “ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ” ಅಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ನಿಲ್ಲಾಸ್‌ನ ಗಾಡಿ ಹತ್ತಿ ಹಿಂಡು ಕಾಯುವ ಚಳಿಗಾಲದ ಗುಡಿಸಲಿಗೆ ಹೋದವನು ಹೋದವನೇ. ಅದೇ ಜನರ ಎದುರಿಗೆ ನಿನ್ನ ಬಾಯಿಂದ ‘ಇವಳದೇನೂ ತಪ್ಪಿಲ್ಲ’ ಅನ್ನಿಸಬೇಕು ಅಂತ ಆರು ತಿಂಗಳಿಂದ ಕಾದಿದ್ದೇನೆ. ಅನ್ನಿಸದೆ ನಿನ್ನ ಜೊತೆ ಒಂದೇ ಪಾತ್ರೆಯ ಕಾಫಿ ಕುಡಿಯುವುದಿಲ್ಲ ಅಂತ ಆಣೆ ಬೇರೆ ಇಟ್ಟುಕೊಂಡಿದ್ದೆ.

ಈಗ ನಿನ್ನ ಗಾಡಿಯ ಪುರಾಣ ಕೇಳು.

ಸೋಮವಾರ ಮೂವತ್ತು ಸಲ ಹಗ್ಗ ಎಳೆದ ಮೇಲೆ ಹೊತ್ತಿಕೊಂಡಿತು. ಕರಿಹೊಗೆ ಕಾರಿತು. ಆಕ್ಸಿಲರೇಟರ್ ಒತ್ತಿ ಹಿಡಿದಷ್ಟು ಹೊತ್ತು ಚೆನ್ನಾಗಿ ಕೂಗಿ, ಬಿಟ್ಟ ಕೂಡಲೇ ಗೊರಗೊರ ಅಂದು ಸತ್ತಿತು. ಚೋಕ್ ಎಳೆದರೆ ಇನ್ನೂ ಕೆಟ್ಟದು. ಪ್ಲಗ್ ಬಿಚ್ಚಿದರೆ ಕಪ್ಪಗೆ, ತೊಪ್ಪನೆ ನೆನೆದಿತ್ತು. ಇದು ಪೆಟ್ರೋಲ್ ಸಾಲದ ಗಾಡಿಯಲ್ಲ, ಮಿತಿಮೀರಿ ಕುಡಿಯುತ್ತಿರುವ ಗಾಡಿ ಅಂತ ಅಷ್ಟರಲ್ಲೇ ತಿಳಿಯಿತು. ಕುಡಿತ ಎಲ್ಲಿಂದ ಅಂತ ಮಾತ್ರ ತಿಳಿಯಲಿಲ್ಲ.

ಮಂಗಳವಾರ ಕಾರ್ಬುರೇಟರನ್ನು ಅಡುಗೆಮನೆಯ ಮೇಜಿಗೆ ತಂದೆ. ಕೆಳಗಿನ ಬಟ್ಟಲಿನ ಸ್ಕ್ರೂಗಳ ತಲೆಗಳು ಇಲಿ ಕಡಿದಂತಿದ್ದವು, ಅವನ್ನು ತೆಗೆಯುವುದರಲ್ಲೇ ಮಧ್ಯಾಹ್ನವಾಯಿತು. ಒಳಗೆ ಗೋಂದಿನಂಥ ಕೆಸರು. ತೊಳೆದೆ. ಬಟ್ಟಲಿನಲ್ಲಿ ತೇಲುವ ಫ್ಲೋಟ್ ತೂತಾಗಿ ಪೆಟ್ರೋಲ್ ತುಂಬಿಕೊಂಡಿದೆಯೋ ಅಂತ ಕಿವಿಯ ಹತ್ತಿರ ಅಲ್ಲಾಡಿಸಿದೆ, ಇಲ್ಲ. ಪೆಟ್ರೋಲ್ ತಡೆಯುವ ಸೂಜಿಯನ್ನು ಉಜ್ಜಿ, ನಳಿಕೆಗೆ ಬಾಯಿಟ್ಟು ಊದಿ ನೋಡಿದೆ, ಅದೂ ಸರಿಯಾಗೇ ಮುಚ್ಚುತ್ತಿತ್ತು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ ಬಿಚ್ಚಿ ತೊಳೆದೆ. ಗಾಡಿ ನಿಂತಲ್ಲೇ ಓಡುವಾಗ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಬಾವಿಯಂಥ ಕೊಳವೆಯ ತಳದಲ್ಲಿತ್ತು, ಸ್ಕ್ರೂಡ್ರೈವರ್ ಹಾಕಿದರೆ ಜಾರುತ್ತಿತ್ತು. ಬರೀ ಗಾಳಿ ಊದಿ ಬಿಟ್ಟೆ. ಜೋಡಿಸಿದೆ. ಅದೇ ಹೊಗೆ, ಅದೇ ಗೊರಗೊರ. ಮತ್ತೆ ಬಿಚ್ಚಿ ಫ್ಲೋಟಿನ ತಗಡನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಜೋಡಿಸಿದೆ. ಅದೇ ಹೊಗೆ! ರೊಟ್ಟಿಗೆ ಪೆಟ್ರೋಲ್ ವಾಸನೆ, ಕಾಫಿಗೆ ಪೆಟ್ರೋಲ್ ವಾಸನೆ, ನನ್ನ ಜಡೆಗೂ ಅದೇ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಬಾಯಿಗೆ ಬಂದಂತೆ ನಿನ್ನನ್ನು ಬೈದೆ. ಸ್ವಲ್ಪ ಹಿತವಾಯಿತು.

ಬುಧವಾರ ನಾನು ಮಾಡಿದ ತಪ್ಪನ್ನು ನಮ್ಮೂರಿನ ಮಕ್ಕಳೂ ಮಾಡುವುದಿಲ್ಲ. ಚಳಿಯಲ್ಲಿದ್ದ ಬಂದೂಕನ್ನು ಬೆಚ್ಚಗಿನ ಮನೆಯೊಳಗೆ ತರಬಾರದು, ಲೋಹ ಬೆವರುತ್ತದೆ ಅಂತ ನಾನೇ ನಮ್ಮ ಮಗಳಿಗೆ ಕಲಿಸಿದವಳು. ತಲೆ ಕೆಟ್ಟುಹೋಗಿತ್ತು ನೋಡು, ಕಾರ್ಬುರೇಟರನ್ನು ಒಳಕ್ಕೆ ತಂದು, ಅದರ ಬೆವರು ಆರುವ ಮೊದಲೇ ಹೊರಗೆ ಒಯ್ದು ಕೂರಿಸಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಗ್ಗ ಎಳೆದೆ. ಒಳಗಿನ ನೀರು ಹೆಪ್ಪುಗಟ್ಟಿ, ಆಕ್ಸಿಲರೇಟರ್ ತೆರೆದದ್ದು ತೆರೆದಂತೆಯೇ ಕಚ್ಚಿಕೊಂಡಿತು. ನಾನು ಮಗ್ಗುಲಿಗೆ ಬಿದ್ದೆ, ಗಾಡಿ ತಾನೊಂದೇ ಹೊರಟು ಪಕ್ಕದ ಮನೆಯ ಮುದುಕ ಪಿಯೆರಾನ ಸೌದೆ ರಾಶಿಗೆ ನುಗ್ಗಿತು.

ಪಿಯೆರಾ ಟೋಪಿಯಿಲ್ಲದೆ ಓಡಿಬಂದ. “ಏನವ್ವಾ ರಾವ್ನಾ, ಗಂಡನ ಮೇಲಿನ ಸಿಟ್ಟು ನನ್ನ ಸೌದೆ ಮೇಲಾ?” ಅಂದ. ಸೌದೆ ಮತ್ತೆ ಪೇರಿಸಿಕೊಟ್ಟು, ಕಾಫಿಗೆ ಕರೆದು, ಎಂದಿನ ವಾಡಿಕೆಯಂತೆ ಅದರೊಳಗೆ ಗಿಣ್ಣಿನ ತುಂಡು ಹಾಕಿ ಕೊಟ್ಟೆ. “ಅಜ್ಜ, ಆ ಸ್ಲೋ ಜೆಟ್ ಒಂದ್ಸಲ ನೀನೇ ತೆಗೆದುಕೊಡು” ಅಂತ ಕೇಳಿದೆ. ಅವನು ತನ್ನ ಕೈಲಾಗುವುದಿಲ್ಲ ಅಂದ. ಸೌದೆಯ ಕೋಪ ಇನ್ನೂ ಇಳಿದಿಲ್ಲ ಅಂದುಕೊಂಡೆ. ಆಗ ಅವನು ಅಂಗೈ ಚಾಚಿ, “ನನ್ ಬೆರಳ ತುದಿ ಮೇಲೆ ಒಂದು ಜೆಟ್ ಇಡು, ಕಣ್ ಮುಚ್ಕೋತೀನಿ” ಅಂದ. ಇಟ್ಟೆ. ಅವನು ಕಣ್ಣು ಮುಚ್ಚಿಕೊಂಡೇ, “ಇಡಮ್ಮಾ, ಎಷ್ಟೊತ್ತು ಮಾಡ್ತೀಯಾ?” ಅಂದ.

ಅವನು ಕಣ್ಣು ಬಿಟ್ಟು, ಬೆರಳ ಮೇಲಿದ್ದ ಜೆಟ್ ನೋಡಿ ನಕ್ಕ. “ಇಪ್ಪತ್ ವರ್ಷ ಆ ಗಾಡಿ ಹ್ಯಾಂಡಲ್ ಹಿಡಿದು ನಡುಗಿದ್ದಕ್ಕೆ ಇದೇ ಬಹುಮಾನ. ಮೊದ್ಲು ಚಳೀಲಿ ಬೆಳ್ಳಗಾಗ್ತವೆ, ಆಮೇಲೆ ಸತ್ತೇ ಹೋಗ್ತವೆ. ನಮ್ ಗಂಡಸ್ರಲ್ಲಿ ಎಷ್ಟೋ ಜನಕ್ಕೈತೆ. ಒಬ್ಬನೂ ಬಾಯ್ಬಿಡಲ್ಲ. ಬೆರಳಿಲ್ದೋನು ಹಿಂಡು ಕಾಯ್ತಾನಾ ಅಂತಾರಲ್ಲ” ಅಂದ.

ಅವನು ಹೋದ ಮೇಲೆ ಕಾರ್ಬುರೇಟರ್ ಬಿಚ್ಚಿ, ಟಾರ್ಚ್ ಹಿಡಿದು ಆ ಕೊಳವೆಯೊಳಗೆ ನೋಡಿದೆ. ಸ್ಲೋ ಜೆಟ್ ಸೊಟ್ಟಗೆ ಕೂತಿತ್ತು. ಸ್ಕ್ರೂವಿನ ಎಳೆ ಸಿಕ್ಕದೆ ಬಲವಂತವಾಗಿ ತಿರುಗಿಸಿದ್ದರಿಂದ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು. ಅದರ ಪಕ್ಕದಿಂದಲೇ ಪೆಟ್ರೋಲ್ ನುಗ್ಗುತ್ತಿದ್ದದ್ದು. ತಲೆ ನುಜ್ಜುಗುಜ್ಜು. ಸುತ್ತಲೂ ಸ್ಕ್ರೂಡ್ರೈವರ್ ಜಾರಿದ ಗೀರುಗಳು, ಹತ್ತೋ ಹನ್ನೆರಡೋ. ಈ ಕೆಲಸ ಮಾಡಿದವನಿಗೆ ಎಳೆ ಕೂತಿದೆಯೋ ಇಲ್ಲವೋ ಕೈಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ಬಿಚ್ಚಿದ್ದು ನೀನೊಬ್ಬನೇ, ಇಸ್ಸಾತ್. ಸೆಪ್ಟೆಂಬರ್‌ನಲ್ಲಿ ಎರಡು ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು ಕೂತಿದ್ದೆಯಲ್ಲ, ಊಟಕ್ಕೆ ಕರೆದರೆ ಗುರ್ ಅಂದಿದ್ದೆಯಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ನಾನು ಹೊಲಿದ ಚರ್ಮದ ಬೂಟು ಬಿಟ್ಟು ನೀನು ಪೇಟೆಯ ರಬ್ಬರ್ ಬೂಟು ಕೊಂಡೆ, ನಾನು ವಾರಗಟ್ಟಲೆ ಅಣಕಿಸಿದೆ. ಚರ್ಮದ ಬೂಟಿನ ಮೇಲೆ ಕಣಕಾಲಿಗೆ ಸುತ್ತುವ ಪಟ್ಟಿಯನ್ನು ಕಟ್ಟಲು ನಿನಗೆ ಆಗುತ್ತಿರಲಿಲ್ಲ, ಅಲ್ಲವೇ? ಹೋದ ಬೇಸಿಗೆಯಲ್ಲಿ ಕರುಗಳ ಕಿವಿಗೆ ನಮ್ಮ ಗುರುತು ಕೊಯ್ಯುವಾಗ ಬೆನ್ನು ನೋವು ಅಂತ ಚಾಕುವನ್ನು ನಿಲ್ಲಾಸ್‌ಗೆ ಕೊಟ್ಟೆ. ಉರಿಯುವ ಬೆಂಕಿಯ ಮೇಲಿನ ಕೆಟಲನ್ನು ಬರಿಗೈಲಿ ಎತ್ತಿದಾಗ ನಾವೆಲ್ಲ ಭಲೇ ಗಂಡು ಅಂತ ಚಪ್ಪಾಳೆ ಹೊಡೆದಿದ್ದೆವು. ಆ ರಾತ್ರಿ ನಿನ್ನ ಬೊಬ್ಬೆಗಳಿಗೆ ಕೊಬ್ಬು ಹಚ್ಚಿದವಳು ನಾನೇ. ಆಗಲೂ ನನಗೆ ಹೊಳೆಯಲಿಲ್ಲ.

ಸಿಟ್ಟು ಇಳಿಯಿತು ಅಂದುಕೊಳ್ಳಬೇಡ, ಹೆಚ್ಚಾಗಿದೆ. ಇಪ್ಪತ್ತೆರಡು ವರ್ಷ ಒಂದೇ ಹೊದಿಕೆಯಡಿ ಮಲಗಿದ ಹೆಂಡತಿಗೆ ‘ನನ್ನ ಬೆರಳು ಹೋಗಿದೆ ಕಣೇ’ ಅನ್ನುವುದಕ್ಕಿಂತ ಅವಳನ್ನು ಎಲ್ಲರ ಎದುರು ಕೆಡುಕಿ ಮಾಡುವುದು ನಿನಗೆ ಸುಲಭವಾಯಿತೇ? ನನ್ನನ್ನು ಏನಂತ ತಿಳಿದಿದ್ದೀಯ? ಎಷ್ಟು ಒಂಟಿಯಾಗಿ ಹೆದರಿಕೊಂಡಿದ್ದೆಯೋ ಅಂತ ಯೋಚಿಸಿದರೆ ಈಗಲೇ ಬಂದು ನಿನ್ನ ಕೈ ಹಿಡಿದುಕೊಳ್ಳಬೇಕು, ಮರುಕ್ಷಣ ನಿನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ. ಮೂರು ದಿನದಿಂದ ಇದೇ ಆಗಿದೆ.

ಗುರುವಾರ ಪಿಯೆರಾನ ಸತ್ತುಬಿದ್ದ ಗಾಡಿಯಿಂದ ಅದೇ ಅಳತೆಯ ಜೆಟ್ ತೆಗೆದುಕೊಂಡೆ. ಈ ಸಲ ಶೆಡ್ಡಿನ ಚಳಿಯಲ್ಲೇ ಕೂತು ಕೆಲಸ ಮಾಡಿದೆ. ಸ್ಕ್ರೂಡ್ರೈವರಿನ ತುದಿ ಉಜ್ಜಿ ಚೂಪು ಮಾಡಿ ಹಳೆಯದನ್ನು ಕಿತ್ತು, ಹೊಸದನ್ನು ಇಳಿಸಿ, ಮೊದಲು ಎಡಕ್ಕೆ ತಿರುಗಿಸಿದೆ, ಎಳೆಯ ಬಾಯಿ ‘ಟಿಕ್’ ಅನ್ನುವವರೆಗೆ. ಅದು ಕಿವಿಗೆ ಕೇಳುವ ಸದ್ದಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಬಲಕ್ಕೆ. ತಳದವರೆಗೂ ಸಲೀಸಾಗಿ ಇಳಿಯಿತು. ಗಾಡಿ ಎರಡನೇ ಎಳೆತಕ್ಕೆ ಹೊತ್ತಿಕೊಂಡಿತು. ಆಕ್ಸಿಲರೇಟರ್ ಬಿಟ್ಟು, ಮನೆಯೊಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೂ ನಿಂತಲ್ಲೇ ಓಡುತ್ತಿತ್ತು.

ಮಂಗಳವಾರ ಗುಡಾರ, ಒಣ ಮಾಂಸ, ಹಿಟ್ಟು ಎಲ್ಲ ಹೇರಿಕೊಂಡು ಬರುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಕಡಲ ತೀರ ಸೇರಿದ ಮೇಲೆ ಅಲ್ಲಿನ ಡಾಕ್ಟರಿಗೆ ಕೈ ತೋರಿಸುತ್ತೀಯ, ಹೂಂ ಅನ್ನದೆ ನಿನ್ನನ್ನು ಬಿಡುವವಳಲ್ಲ. ಬೇಸಿಗೆಯಲ್ಲಿ ನೀನು ಕರುಗಳನ್ನು ಮೊಣಕಾಲಡಿ ಒತ್ತಿ ಹಿಡಿ, ಕಿವಿ ನಾನು ಕೊಯ್ಯುತ್ತೇನೆ. ಗಂಡ ಹೆಂಡತಿ ಕೂಡಿ ಮಾಡಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಮೊದಲ ದಿನ ಮಾತ್ರ, ನಾವಿಬ್ಬರೇ ಇರುವಾಗ, ನಿನ್ನ ಬಾಯಿಂದಲೇ ನನಗೆ ಎಲ್ಲ ಹೇಳಬೇಕು. ನನಗೆ ಗೊತ್ತಿದ್ದರೂ ಹೇಳಬೇಕು.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಹೆಂಡತಿ,
ರಾವ್ನಾ

ಮರೆತ ಮಾತು: ಕಾಗದ ಒಯ್ಯಲು ನಿಲ್ಲಾಸ್ ಈಗ ಬಂದ. ಗಾಡಿಯ ಸದ್ದು ಕೇಳಿ, “ಏನಾಗಿತ್ತು ಅತ್ತಿಗೆ?” ಅಂದ. ಅವನಿಗೆ ಹೇಳಿದರೆ ನಿಮ್ಮವರಿಗೆಲ್ಲ ಹೇಳಿದ ಹಾಗೆಯೇ. “ಹೋದ ಬೇಸಿಗೇಲಿ ಸುಮ್ನಿರಲಾರ್ದೆ ನಾನೇ ಬಿಚ್ಚಿ ಜೆಟ್ ಸೊಟ್ಟಗೆ ಕೂರ್ಸಿದ್ದೆ ಕಣೋ. ಅವತ್ತು ಕೆರೆ ಮೇಲೆ ನಿಮ್ಮಣ್ಣ ಅಂದಿದ್ದೇ ನಿಜ” ಅಂದೆ. ಯಾರಾದರೂ ಕೇಳಿದರೆ ನೀನೂ ಹಾಗೆಯೇ ಹೇಳು.